ಯಾವುದಕ್ಕಿಂತ ಹಿರಿದು?

ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ಹೆದ್ದಾರಿಯು ಭೀಮಾನದಿಯನ್ನು ದಾಟಿ, ಕರಿಯ ಎರೆಭೂಮಿಯ ನಡುವೆ ದಕ್ಷಿಣಾಭಿಮುಖವಾಗಿ ಸಾಗುವಾಗ ಇಂಡಿ ಸೀಮೆಯ ಝಳಕಿಯೆಂಬ ಊರನ್ನು ಮುಟ್ಟುತ್ತದೆ. ಗಡಿಗೆ ಹತ್ತಿದ ಊರಾದುದರಿಂದ ಅಲ್ಲಿ ಕನ್ನಡದೊಡನೆ ಮರಾಠಿಯೂ ದಖ್ಖನೀ ಉರ್ದುವೂ ದಿನದ ವ್ಯವಹಾರದಲ್ಲಿ ಕಿವಿಗೆ ಬೀಳುತ್ತಲೇ ಇರುತ್ತವೆ. ಮಾಲದಂಡಿ ಜೋಳದ ಒಂದೇ ರಾಶಿಯ ಮುಂದೆ ನಿಂತು ಒಬ್ಬನು ‘ಈ ಜ್ವಾಳ ಅದಕಿಂತ ಚಲೋ ಅದ’ ಎಂದರೆ, ಎರಡನೆಯವನು ‘ಹೀ ಜ್ವಾರೀ ತ್ಯಾಪೇಕ್ಷಾ ಚಾಂಗಲೀ ಆಹೇ’ ಎನ್ನುವನು, ಮೂರನೆಯವನು ‘ಯೇ ಜವಾರ್ ಉಸ್‌ಸೇ ಅಚ್ಛೀ ಹೈ’ ಎನ್ನುವನು. ಈ ಮೂರು ನುಡಿಗಳೂ ಒಂದೇ ಕುಲದವಲ್ಲ. ಕನ್ನಡವು ದ್ರಾವಿಡ, ಉಳಿದೆರಡು ಆರ್ಯಮೂಲದವು. ಆದರೂ ಹೋಲಿಕೆಯನ್ನು ಕಟ್ಟುವ ಕ್ರಮವು ಮೂರರಲ್ಲಿಯೂ ಒಂದೇ ಆಗಿದೆ. ಗುಣವನ್ನು ಹೇಳುವ ಶಬ್ದವು, ಅದು ಚಲೋ ಆಗಲಿ, ಚಾಂಗಲೀ ಆಗಲಿ, ಅಚ್ಛೀ ಆಗಲಿ, ಹೋಲಿಕೆಗೋಸ್ಕರ ತನ್ನ ರೂಪವನ್ನು ಬದಲಿಸುವುದಿಲ್ಲ. ಹೋಲಿಕೆಯ ಭಾರವೆಲ್ಲವೂ ಬೀಳುವುದು, ಯಾವುದರೊಡನೆ ಹೋಲಿಸುತ್ತಿದ್ದೇವೆಯೋ ಆ ಇನ್ನೊಂದು ವಸ್ತುವಿನ ಮೇಲೆ: ಅದಕಿಂತ, ತ್ಯಾಪೇಕ್ಷಾ, ಉಸ್‌ಸೇ.

ಇದು ವ್ಯಾಕರಣದ ಒಂದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಂಡು ಫ್ರೆಂಚ್ ಭಾಷೆಯ ತರತಮ ಪ್ರಕರಣದೊಳಕ್ಕೆ ಹೆಜ್ಜೆಯಿಟ್ಟರೆ, ಇಂಗ್ಲಿಷಿನ ಬಾಗಿಲಿನಿಂದ ಹೊಕ್ಕವರಿಗೆ ತೊಡಕಾಗಿ ಕಾಣುವ ಎಷ್ಟೋ ವಿಷಯಗಳು ಕನ್ನಡಿಗರಿಗೆ ಸಲೀಸಾಗಿ ಬಿಚ್ಚಿಕೊಳ್ಳುತ್ತವೆ. ನಮ್ಮ ನಗರಗಳ ಶಾಲೆ ಕಾಲೇಜುಗಳಲ್ಲಿ ಫ್ರೆಂಚನ್ನು ಆಯ್ದುಕೊಂಡು ಓದುವ ಮಕ್ಕಳು ಇಂದು ಕಡಿಮೆಯಿಲ್ಲ. ಅವರಿಗೆ ಆ ಪಾಠವು ದೊರೆಯುವುದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ಮನೆಯಲ್ಲಿ ಆಡುವ ನುಡಿಯಲ್ಲೇ ಆ ಪಾಠದ ಅರ್ಧಭಾಗ ಅಡಗಿದೆಯೆಂಬುದನ್ನು ಅವರಿಗೆ ಯಾರೂ ತೋರಿಸಿಕೊಡದಿರುವುದು ನನಗೆ ನಿಜವಾಗಿಯೂ ವ್ಯಥೆಯ ವಿಷಯವಾಗಿದೆ; ಆದುದರಿಂದಲೇ ಈ ಲೇಖನ.

ಭೀಮಾತೀರಕ್ಕೂ ಫ್ರೆಂಚ್ ನುಡಿಗೂ ಏನು ಸಂಬಂಧವೆಂದು ಕೇಳುವವರಿಗೆ ಹೇಳಬೇಕಾದ ಮಾತೊಂದುಂಟು. ಇಂಡಿ ಸೀಮೆಯಲ್ಲೇ ಇರುವ ಹಲಸಂಗಿಯ ಗೆಳೆಯರ ಗುಂಪನ್ನು, ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಕೂಡಿಸಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ನಾಡಿಗೆ ಕೊಟ್ಟವರೆಂದು ಕನ್ನಡಿಗರೆಲ್ಲರೂ ಬಲ್ಲರು. ಆ ಗುಂಪಿನ ಪ್ರಾಣದಂತಿದ್ದ ಮಧುರಚೆನ್ನರು ಶ್ರೀ ಅರವಿಂದರ ಭಕ್ತರು. ಅವರ ಅಂತರಂಗವು ತಿರುಗಿದ್ದುದು ಪುದುಚೇರಿಯತ್ತ. ಪುದುಚೇರಿಯಾದರೋ 1954ರ ನವೆಂಬರ್ 1ರವರೆಗೆ ಫ್ರೆಂಚರ ಆಡಳಿತದಲ್ಲಿದ್ದ ಪಟ್ಟಣ. ಅಲ್ಲಿನ ಆಶ್ರಮದ ಶ್ರೀಮಾತೆಯವರು 1878ರಲ್ಲಿ ಪ್ಯಾರಿಸಿನಲ್ಲಿ ಜನಿಸಿದವರು, ತಮ್ಮ ಪ್ರಾರ್ಥನೆಗಳನ್ನೂ ಧ್ಯಾನಗಳನ್ನೂ ಫ್ರೆಂಚಿನಲ್ಲೇ ಬರೆದಿಟ್ಟವರು. ಇತ್ತ ಹಳೆಯ ಮೈಸೂರಿನಲ್ಲಿ ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡಕ್ಕೂ ಲ್ಯಾಟಿನ್ನಿಗೂ ನಿಘಂಟುಗಳನ್ನು ರಚಿಸಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ಎರಡು ನುಡಿಗಳ ನಡುವೆ ಸಂಚಾರವು ವಿರಳವಾಗಿದ್ದರೂ ದಾರಿಯೇ ಇರಲಿಲ್ಲವೆಂದಲ್ಲ.

ಇನ್ನು ಫ್ರೆಂಚಿನ ಪ್ರಕರಣ. ಇಂಗ್ಲಿಷಿನಲ್ಲಿ ‘ಟಾಲ್’ ಎಂಬುದು ‘ಟಾಲರ್’, ‘ಟಾಲೆಸ್ಟ್’ ಎಂದು ಬಾಲದಲ್ಲಿ ಬೆಳೆಯುವಂತೆ ಫ್ರೆಂಚಿನ ಗುಣವಾಚಕವು ಬೆಳೆಯುವುದಿಲ್ಲ. ‘ಗ್ರಾಂ’ ಎಂದರೆ ದೊಡ್ಡ ಅಥವಾ ಎತ್ತರದ ಎಂದರ್ಥ. ಅದರ ಮುಂದೆ ‘ಪ್ಲ್ಯು’ ಎಂಬ ಅವ್ಯಯವನ್ನೂ, ಹೋಲಿಸುವ ವಸ್ತುವಿನ ಮುಂದೆ ‘ಕ’ ಎಂಬ ಸಂಬಂಧಕವನ್ನೂ ಇಟ್ಟರೆ ಹೋಲಿಕೆಯು ಪೂರ್ಣವಾಗುತ್ತದೆ. ‘ಪಿಯೇರ್ ಎ ಪ್ಲ್ಯು ಗ್ರಾಂ ಕ ಪೋಲ್’ ಎಂದರೆ ಪಿಯೇರನು ಪೋಲನಿಗಿಂತ ಎತ್ತರ. ‘ಪ್ಲ್ಯು’ವಿನ ಸ್ಥಾನದಲ್ಲಿ ‘ಮ್ವಾಂ’ ಎಂದಿಟ್ಟರೆ ಕಡಿಮೆಯ ಹೋಲಿಕೆ, ‘ಓಸಿ’ ಎಂದಿಟ್ಟರೆ ಸಮಾನತೆಯ ಹೋಲಿಕೆ. ಗುಣವಾಚಕವು ಹೋಲಿಕೆಗಾಗಿ ಬದಲಾಗದಿದ್ದರೂ ಲಿಂಗ ವಚನಗಳಿಗೆ ಮಾತ್ರ ತಲೆಬಾಗಬೇಕು: ಪಿಯೇರನು ‘ಗ್ರಾಂ’ ಆದರೆ ಮಾರಿಯು ‘ಗ್ರಾಂದ್’. ಕನ್ನಡದ ‘ದೊಡ್ಡ’ ಎಂಬ ಶಬ್ದಕ್ಕೆ ಈ ಕಟ್ಟಳೆಯಿಲ್ಲ. ದೊಡ್ಡ ಮನುಷ್ಯ, ದೊಡ್ಡ ಹೊಲ, ದೊಡ್ಡ ಮನೆಗಳು ಎಂದು ಅದು ಎಲ್ಲೆಡೆಯೂ ಒಂದೇ ಆಗಿರುತ್ತದೆ. ವಾಕ್ಯದ ಕೊನೆಗೆ ವಿಧೇಯವಾಗಿ ನಿಂತಾಗ ಮಾತ್ರ ದೊಡ್ಡವನು, ದೊಡ್ಡವಳು, ದೊಡ್ಡದು ಎಂದು ಲಿಂಗವನ್ನು ಧರಿಸುತ್ತದೆ.

ಇಲ್ಲಿ ಕನ್ನಡದ ವಿದ್ಯಾರ್ಥಿಯು ಒಂದು ಕಡೆ ಎಚ್ಚರ ವಹಿಸಬೇಕು. ‘ಮ್ವಾಂ’ ಎಂಬುದಕ್ಕೆ ‘ಕಡಿಮೆ’ ಎಂಬುದನ್ನು ನೇರವಾಗಿ ಹೊಂದಿಸಿ ‘ಅವನು ಇವನಿಗಿಂತ ಕಡಿಮೆ ಎತ್ತರ’ ಎಂದು ಅನುವಾದಿಸಿದರೆ ಅದು ಕನ್ನಡಿಗರ ನಾಲಿಗೆಯ ಮಾತಾಗದು. ನಾವು ಹೇಳುವುದು ‘ಅವನು ಇವನಷ್ಟು ಎತ್ತರವಿಲ್ಲ’ ಎಂದು. ಕೊರತೆಯನ್ನು ಸಮಾನತೆಯ ನಿಷೇಧದಿಂದ ಸೂಚಿಸುವುದೇ ನಮ್ಮ ಪದ್ಧತಿ. ಫ್ರೆಂಚಿನಲ್ಲಿಯೂ ಈ ಮಾರ್ಗ ತೆರೆದಿದೆ. ಆದರೆ ‘ಮ್ವಾಂ’ ಅಲ್ಲಿ ಎಷ್ಟು ಸಹಜವೋ, ನಮ್ಮಲ್ಲಿ ‘ಅಷ್ಟು... ಇಲ್ಲ’ ಅಷ್ಟೇ ಸಹಜ.

ಅತಿಶಯವನ್ನು ಹೇಳುವ ರೀತಿಯೇ ಫ್ರೆಂಚಿನ ತರತಮದಲ್ಲಿ ನನಗೆ ಅತ್ಯಂತ ರಮಣೀಯವಾಗಿ ತೋರಿದ ಭಾಗ. ‘ಪ್ಲ್ಯು ಗ್ರಾಂ’ ಎಂದರೆ ಇನ್ನೂ ದೊಡ್ಡದು. ಅದರ ಮುಂದೆ ನಿರ್ದೇಶಕವಾದ ‘ಲ’ ಎಂಬುದೊಂದನ್ನು ಸೇರಿಸಿ ‘ಲ ಪ್ಲ್ಯು ಗ್ರಾಂ’ ಎಂದೊಡನೆ ಎಲ್ಲಕ್ಕಿಂತ ದೊಡ್ಡದು ಎಂಬ ಅರ್ಥ ಬಂದುಬಿಡುತ್ತದೆ. ಬೇರೊಂದು ಪ್ರತ್ಯಯವಿಲ್ಲ, ಬೇರೊಂದು ರೂಪವಿಲ್ಲ. ‘ಇದೇ’ ಎಂದು ಬೆರಳಿಟ್ಟು ತೋರಿಸುವ ಸಣ್ಣ ಶಬ್ದವೊಂದೇ ತರವನ್ನು ತಮವನ್ನಾಗಿಸುತ್ತದೆ. ಕನ್ನಡದಲ್ಲಿ ನಿರ್ದೇಶಕವೆಂಬುದು ಇಲ್ಲದಿದ್ದರೂ, ಅದೇ ಕಾರ್ಯವನ್ನು ನಮ್ಮ ಅವಧಾರಣಾರ್ಥಕವಾದ ‘ಏ’ಕಾರವು ಮಾಡುತ್ತಿರುವುದನ್ನು ಗಮನಿಸಬೇಕು. ‘ಇವನು ದೊಡ್ಡವನು’ ಎಂಬುದು ಬರಿಯ ವರ್ಣನೆ. ‘ಇವನೇ ದೊಡ್ಡವನು’ ಎಂಬುದು ಅತಿಶಯ. ವಿಜಯಪುರದ ಕಡೆಯ ಆಡುನುಡಿಯಲ್ಲಿ ಆ ‘ಏ’ಕಾರವೂ ಕರಗಿ, ಒಂದು ಸ್ವರದ ಎಳೆತವಷ್ಟೇ ಉಳಿದು ‘ಅವನಽ ದೊಡ್ಡಾವ’ ಎಂದಾಗುತ್ತದೆ. ಸ್ವಲ್ಪವೇ ದೀರ್ಘವಾದ ಒಂದು ಉಸಿರಿನಲ್ಲಿ ಒಬ್ಬನನ್ನು ಅಣ್ಣತಮ್ಮಂದಿರೆಲ್ಲರಿಂದ ಬೇರ್ಪಡಿಸಿ ನಿಲ್ಲಿಸುವ ಶಕ್ತಿ ಆ ನುಡಿಗಿದೆ.

ಇನ್ನೊಂದು ಹೊಂದಿಕೆಯೂ ಉಂಟು. ಇಬ್ಬರಲ್ಲಿ ಒಬ್ಬನನ್ನು ಎತ್ತಿ ಹೇಳುವಾಗಲೂ, ನೂರು ಜನರಲ್ಲಿ ಒಬ್ಬನನ್ನು ಎತ್ತಿ ಹೇಳುವಾಗಲೂ ಫ್ರೆಂಚಿನಲ್ಲಿ ರೂಪ ಒಂದೇ, ಕನ್ನಡದಲ್ಲಿಯೂ ರೂಪ ಒಂದೇ. ಸಂಸ್ಕೃತವು ಹಾಗಲ್ಲ. ಇಬ್ಬರ ನಡುವಣ ಹೋಲಿಕೆಗೆ ‘ತರ’, ‘ಈಯಸ್’ ಎಂಬ ಪ್ರತ್ಯಯಗಳನ್ನೂ, ಬಹುಜನರ ನಡುವಣ ಅತಿಶಯಕ್ಕೆ ‘ತಮ’, ‘ಇಷ್ಠ’ ಎಂಬ ಪ್ರತ್ಯಯಗಳನ್ನೂ ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಬೇರೆ ಬೇರೆಯಾಗಿ ವಿಧಿಸಿದ್ದಾನೆ. ಲಘು, ಲಘುತರ, ಲಘುತಮ. ಗುರು, ಗರೀಯಸ್, ಗರಿಷ್ಠ. ಹೀಗೆ ಗುಣವಾಚಕವೇ ಮೆಟ್ಟಿಲು ಹತ್ತುತ್ತಾ ಹೋಗುತ್ತದೆ. ‘ತರ’, ‘ತಮ’ ಎಂಬ ಎರಡು ಪ್ರತ್ಯಯಗಳ ಜೋಡಣೆಯಿಂದಲೇ ಹುಟ್ಟಿದ ‘ತಾರತಮ್ಯ’ ಎಂಬ ಶಬ್ದವು ಮಧ್ವಮತದಲ್ಲಿ ಜೀವರ ಶ್ರೇಣಿಯನ್ನು ಹೇಳುವ ಪರಿಭಾಷೆಯಾಗಿ ಪ್ರತಿಷ್ಠೆ ಪಡೆದುದೂ, ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ಆ ಹೆಸರಿನ ಸಂಧಿಗಳೇ ಇರುವುದೂ, ವ್ಯಾಕರಣದ ಒಂದು ತುಣುಕು ಒಂದು ದರ್ಶನದ ಕಂಬವಾದುದಕ್ಕೆ ಸಾಕ್ಷಿಯಾಗಿವೆ.

ಲ್ಯಾಟಿನ್ನಿನಲ್ಲಿಯೂ ಸಂಸ್ಕೃತದಂತೆಯೇ ಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಜನರ ನಾಲಿಗೆಯಲ್ಲಿ ಅವು ಸವೆದುಹೋದಾಗ, ‘ಹೆಚ್ಚು’ ಎಂಬರ್ಥದ ಒಂದು ಶಬ್ದವನ್ನು ಮುಂದಿಟ್ಟು ಕೆಲಸ ಸಾಗಿಸುವ ಪದ್ಧತಿ ಬಂದಿತು; ಫ್ರಾನ್ಸ್ ಮತ್ತು ಇಟಲಿಯ ಜನರು ‘ಪ್ಲೂಸ್’ ಎಂಬುದನ್ನೂ, ಸ್ಪೇನ್ ಮತ್ತು ಪೋರ್ಚುಗಲ್ಲಿನವರು ‘ಮಾಗಿಸ್’ ಎಂಬುದನ್ನೂ ಆರಿಸಿಕೊಂಡರು. ಹಳೆಯ ಮನೆ ಬಿದ್ದಮೇಲೂ ಒಂದೆರಡು ಕಂಬಗಳು ಹಾಗೆಯೇ ನಿಂತಿರುವಂತೆ, ಕೆಲವು ಹಳೆಯ ರೂಪಗಳು ಮಾತ್ರ ಫ್ರೆಂಚಿನಲ್ಲಿ ಉಳಿದುಕೊಂಡವು. ‘ಬೋಂ’ ಎಂದರೆ ಒಳ್ಳೆಯದು. ಅದಕ್ಕೆ ‘ಪ್ಲ್ಯು ಬೋಂ’ ಎನ್ನಲಾಗದು, ‘ಮೆಯೆರ್’ ಎನ್ನಬೇಕು. ‘ಬಿಯಾಂ’ ಎಂಬ ಕ್ರಿಯಾವಿಶೇಷಣಕ್ಕೆ ‘ಮ್ಯೂ’. ಕೆಟ್ಟದ್ದೆಂಬ ‘ಮೋವೇ’ಗೆ ‘ಪೀರ್’ ಎಂಬ ಹಳೆಯ ರೂಪವೂ ಉಂಟು, ‘ಪ್ಲ್ಯು ಮೋವೇ’ ಎಂಬ ಹೊಸ ರೂಪವೂ ಉಂಟು. ಸಣ್ಣದೆಂಬ ‘ಪೆತಿ’ಗೆ ಗಾತ್ರದ ಮಾತಾದರೆ ‘ಪ್ಲ್ಯು ಪೆತಿ’, ಮಹತ್ವದ ಮಾತಾದರೆ ‘ಮ್ವಾಂದ್ರ್’. ಫ್ರೆಂಚ್ ಕಲಿಯುವ ಮಗುವು ಕಂಠಪಾಠ ಮಾಡಬೇಕಾದ ಅಪವಾದಗಳು ಹೆಚ್ಚುಕಡಿಮೆ ಇಷ್ಟೇ, ಅಂಜುವ ಕಾರಣವಿಲ್ಲ. ಅತ್ತ ಲ್ಯಾಟಿನ್ನಿನಿಂದ ಫ್ರೆಂಚಿಗೆ ಆದುದೇ ಇತ್ತ ಸಂಸ್ಕೃತದಿಂದ ಮರಾಠಿ ಹಿಂದಿಗಳಿಗೂ ಆಯಿತು. ‘ಅಪೇಕ್ಷಾ’ ಎಂಬ ಸಂಸ್ಕೃತ ಶಬ್ದವೇ ಸವೆದು ಝಳಕಿಯ ಕಟ್ಟೆಯ ಮೇಲೆ ‘ಪೇಕ್ಷಾ’ ಆಗಿ ಕುಳಿತಿದೆ.

ಕನ್ನಡಕ್ಕಾದರೋ ಕಳೆದುಕೊಳ್ಳುವುದಕ್ಕೆ ಇಂಥ ಪ್ರತ್ಯಯಗಳೇ ಇರಲಿಲ್ಲ. ದ್ರಾವಿಡ ಭಾಷೆಗಳಲ್ಲಿ ಗುಣವಾಚಕದ ಮೈಮೇಲೆ ತರತಮಗಳನ್ನು ಅಂಟಿಸುವ ಪದ್ಧತಿಯಿಲ್ಲವೆಂಬುದನ್ನು ಕಾಲ್ಡ್‌ವೆಲ್ಲರು 1856ರಷ್ಟು ಹಿಂದೆಯೇ ತಮ್ಮ ತೌಲನಿಕ ವ್ಯಾಕರಣದಲ್ಲಿ ಹೇಳಿದ್ದರು. ನಮ್ಮ ‘ಗಿಂತ’ವು ಚತುರ್ಥೀ ವಿಭಕ್ತಿಯ ಮೇಲೆ ‘ಇಂತ’ ಎಂಬುದು ಕೂಡಿ ಆದುದು. ಇಂಡಿ ಸಿಂದಗಿಗಳ ಆಡುನುಡಿಯಲ್ಲಿ ಅದು ‘ಕಿಂತ’ವಾಗಿ ನನಕಿಂತ, ಅವನಕಿಂತ ಎಂದು ಇನ್ನಷ್ಟು ಬಿಗಿಯಾಗಿದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದಾಗ ಅನೇಕರಿಗೆ ಅದು ಅತಿರೇಕವೆಂದು ತೋರಿತು. ಆದರೆ ಈ ಒಂದು ಪ್ರಕರಣದಲ್ಲಿ ಮಾತ್ರ ಅವರ ಮಾತಿನ ಬೆಲೆಯನ್ನು ಯಾರಾದರೂ ಒಪ್ಪಲೇಬೇಕು. ಉತ್ತಮ, ಶ್ರೇಷ್ಠ, ಕನಿಷ್ಠ, ಜ್ಯೇಷ್ಠ, ಬಲಿಷ್ಠ ಎಂಬ ಶಬ್ದಗಳನ್ನು ನಾವು ಸಂಸ್ಕೃತದಿಂದ ತಂದುಕೊಂಡೆವು. ಅವುಗಳ ಹೊಟ್ಟೆಯಲ್ಲಿ ಅತಿಶಯಾರ್ಥವು ಮೊದಲೇ ಇದ್ದರೂ, ಅದನ್ನು ಲಕ್ಷಿಸದೆ ಬರಿಯ ಗುಣವಾಚಕಗಳಂತೆ ನಡೆಸಿಕೊಂಡು, ‘ಅದಕ್ಕಿಂತ ಇದು ಉತ್ತಮ’ ಎಂದು ನಮ್ಮ ‘ಗಿಂತ’ದೊಡನೆ ಜೋಡಿಸಿದೆವು. ಶುದ್ಧಿವಾದಿಗಳು ‘ಅತ್ಯುತ್ತಮ’ ಎಂಬುದನ್ನು ಪುನರುಕ್ತಿಯೆಂದು ಆಕ್ಷೇಪಿಸುವುದುಂಟು. ಆದರೆ ಅತಿಶಯದ ಮೇಲೆ ಅತಿಶಯವನ್ನಿಟ್ಟ ‘ಶ್ರೇಷ್ಠತಮ’ ಎಂಬ ರೂಪವು ಯಜುರ್ವೇದದಲ್ಲಿಯೇ ಇರುವಾಗ, ಕನ್ನಡಿಗರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ.

ದೇಶ್ಯವಾದ ಸಾಮಗ್ರಿಯೂ ಕನ್ನಡದಲ್ಲಿ ಹೇರಳವಾಗಿದೆ. ಸ್ಥಾನವನ್ನು ಹೇಳುವ ಶಬ್ದಗಳ ಮೊದಲಕ್ಷರವನ್ನೇ ಒತ್ತಿ ಇಮ್ಮಡಿಸಿ ತುತ್ತತುದಿ, ಕಟ್ಟಕಡೆ, ನಟ್ಟನಡು, ಮೊಟ್ಟಮೊದಲು ಎಂದು ಕಟ್ಟಿದಾಗ, ಆ ಧ್ವನಿಯೇ ಅತಿಶಯವಾಗಿಬಿಡುತ್ತದೆ. ಇದಕ್ಕೆ ಸಮಾನವಾದುದು ಫ್ರೆಂಚಿನಲ್ಲಿ ನನಗೆ ಕಾಣದು. ಮೇಲು, ಮಿಗಿಲು, ಲೇಸು, ವಾಸಿ ಎಂಬ ಶಬ್ದಗಳು ‘ಮೆಯೆರ್’ ಎಂಬುದರಂತೆ ಹೋಲಿಕೆಯನ್ನು ತಮ್ಮೊಳಗೇ ಧರಿಸಿವೆ. ‘ಸುಮ್ಮನೆ ಕೂಡುವುದಕ್ಕಿಂತ ಅದೇ ವಾಸಿ’ ಎಂಬಲ್ಲಿ ‘ಹೆಚ್ಚು’ ಎಂಬುದನ್ನು ಯಾರೂ ಸೇರಿಸರು, ಫ್ರೆಂಚರು ‘ಮೆಯೆರ್’ ಮುಂದೆ ‘ಪ್ಲ್ಯು’ ಸೇರಿಸದಂತೆಯೇ.

ಇವೆಲ್ಲಕ್ಕಿಂತ ಗಂಭೀರವಾದ ಮಾರ್ಗವೊಂದು ಕನ್ನಡದಲ್ಲಿ ಉಂಟು. ಅದು ನಿಷೇಧದ ಮಾರ್ಗ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಎಂಬ ಗಾದೆಯು ಉಪ್ಪು ಅತ್ಯಂತ ರುಚಿಕರವೆಂದಾಗಲಿ ತಾಯಿಯು ಪರಮಶ್ರೇಷ್ಠಳೆಂದಾಗಲಿ ಘೋಷಿಸುವುದಿಲ್ಲ. ಕೇಳುವವನ ಮನಸ್ಸು ತಾನೇ ಉಳಿದೆಲ್ಲ ರುಚಿಗಳನ್ನು ಒಂದೊಂದಾಗಿ ಉಪ್ಪಿನ ಪಕ್ಕದಲ್ಲಿಟ್ಟು ನೋಡಿ, ಪ್ರತಿಯೊಂದನ್ನೂ ಕೆಳಗಿಳಿಸುವಂತೆ ಮಾಡುತ್ತದೆ. ಝಳಕಿಯಿಂದ ದೂರವೇನೂ ಅಲ್ಲದ ಬಸವನ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು, ತಮ್ಮನ್ನು ಎಲ್ಲರಿಗಿಂತ ಕೆಳಗೂ ಶಿವಭಕ್ತರನ್ನು ಎಲ್ಲರಿಗಿಂತ ಮೇಲೂ ಇರಿಸಿದ ಆ ಪ್ರಸಿದ್ಧ ವಚನದಲ್ಲಿ ಹಿಡಿದುದು ಈ ಮಾರ್ಗವನ್ನೇ. ಸಂಸ್ಕೃತದ ‘ತಮ’, ‘ಇಷ್ಠ’ಗಳು ಅವರ ಕಾಲಕ್ಕೆ ಕೈಗೆಟುಕುವಂತಿದ್ದರೂ ಅವುಗಳನ್ನು ಮುಟ್ಟದೆ, ಹಿರಿ ಕಿರಿ ಎಂಬ ಅಚ್ಚಗನ್ನಡದ ಎರಡು ಶಬ್ದಗಳನ್ನೂ ‘ಇಲ್ಲ’ ಎಂಬ ಒಂದು ನಿಷೇಧವನ್ನೂ ಇಟ್ಟುಕೊಂಡು ಅವರು ಸಾಧಿಸಿದ ಔನ್ನತ್ಯವನ್ನು ನೆನೆದರೆ, ಕನ್ನಡದಲ್ಲಿ ಅತಿಶಯ ಪ್ರತ್ಯಯವಿಲ್ಲವೆಂದು ಕೊರಗುವವರ ಕೊರಗು ನಿಲ್ಲಬೇಕು. ತನ್ನನ್ನು ಕಿರಿಯನೆಂದುಕೊಳ್ಳುವುದಕ್ಕೆ ಎದುರಿಗೆ ಇನ್ನೊಬ್ಬನು ಬೇಕು. ‘ಗಿಂತ’ವು ಆ ಇನ್ನೊಬ್ಬನನ್ನು ವಾಕ್ಯದೊಳಕ್ಕೆ ಕರೆತಂದೇ ತೀರುತ್ತದೆ.

ಈ ಇನ್ನೊಂದು ವಸ್ತುವನ್ನು ವಾಕ್ಯದಿಂದ ಬಿಟ್ಟುಬಿಟ್ಟಾಗ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಝಳಕಿಯ ಹೆದ್ದಾರಿಯೇ ನಮ್ಮನ್ನು ವಿಜಯಪುರದ ಗೋಲಗುಮ್ಮಟಕ್ಕೆ ಒಯ್ಯುತ್ತದೆ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಹನ ಈ ಸಮಾಧಿಯನ್ನು ಕುರಿತು, ಇದು ಜಗತ್ತಿನ ಎರಡನೆಯ ಅತಿ ದೊಡ್ಡ ಗುಮ್ಮಟವೆಂಬ ಮಾತನ್ನು ಶಾಲಾಪುಸ್ತಕದಿಂದ ಹಿಡಿದು ಪ್ರವಾಸಿಗಳ ಬಾಯಿಯವರೆಗೆ ಎಲ್ಲೆಡೆಯೂ ಕೇಳುತ್ತೇವೆ. ಯಾವುದಕ್ಕಿಂತ ದೊಡ್ಡದು, ಯಾವ ಅಳತೆಯಲ್ಲಿ ದೊಡ್ಡದು ಎಂದು ಕೇಳಿದರೆ ಮಾತು ತಡವರಿಸುತ್ತದೆ. ಗ್ರಂಥಗಳಲ್ಲಿ ದೊರೆಯುವ ಅಳತೆಗಳನ್ನೇ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡೋಣ. ಗೋಲಗುಮ್ಮಟದ ಗೋಲಾರ್ಧದ ಒಳಗಿನ ವ್ಯಾಸ ಸುಮಾರು 124 ಅಡಿ. ರೋಮಿನ ಪಂಥಿಯಾನಿನದು ಸುಮಾರು 142 ಅಡಿ. ಸಂತ ಪೀಟರರ ದೇವಾಲಯದ್ದು 136 ಅಡಿಗೂ ಮಿಕ್ಕುದು. 1436ರಲ್ಲಿ ಮುಗಿದ ಫ್ಲಾರೆನ್ಸಿನ ಗುಮ್ಮಟವೂ ಇವುಗಳಿಗೆ ಕಡಿಮೆಯದಲ್ಲ. ಹೀಗೆ ವ್ಯಾಸವನ್ನು ಹಿಡಿದರೆ ವಿಜಯಪುರದ ಗುಮ್ಮಟವು ಈ ಮೂರಕ್ಕಿಂತಲೂ ಚಿಕ್ಕದು, ಎರಡನೆಯ ಸ್ಥಾನದ ಮಾತು ನಿಲ್ಲದು.

ಆದರೆ ಗುಮ್ಮಟದ ಕೆಳಗಿನ ನೆಲವನ್ನು ಹಿಡಿದರೆ ಲೆಕ್ಕವೇ ತಿರುಗುತ್ತದೆ. ಗೋಲಗುಮ್ಮಟದ ಕೋಣೆಯು ಚೌಕ. ಅದರ ಒಂದೊಂದು ಬದಿಯೂ 135 ಅಡಿಗೂ ತುಸು ಹೆಚ್ಚು, ಅಂದರೆ ನೆಲದ ವಿಸ್ತಾರ 18,000 ಚದರ ಅಡಿಗೂ ಮೀರಿದುದು. ಪಂಥಿಯಾನಿನ ವೃತ್ತಾಕಾರದ ನೆಲವು 16,000 ಚದರ ಅಡಿಯನ್ನೂ ಮುಟ್ಟದು. ನಡುವೆ ಒಂದು ಕಂಬವನ್ನೂ ನಿಲ್ಲಿಸದೆ ಒಂದೇ ಗುಮ್ಮಟದಿಂದ ಮುಚ್ಚಿದ ನೆಲದ ದೃಷ್ಟಿಯಿಂದ ವಿಜಯಪುರವು ರೋಮನ್ನು ಮೀರಿಸಿತೆಂದು ವಾಸ್ತುಶಿಲ್ಪದ ಚರಿತ್ರಕಾರನಾದ ಜೇಮ್ಸ್ ಫರ್ಗುಸನ್ನನು 1876ರ ತನ್ನ ಗ್ರಂಥದಲ್ಲಿ ಅಂಕಿಗಳನ್ನು ಮುಂದಿಟ್ಟೇ ತೋರಿಸಿಕೊಟ್ಟನು. ಚಿಕ್ಕ ಗುಮ್ಮಟವು ದೊಡ್ಡ ನೆಲವನ್ನು ಮುಚ್ಚುವುದು ಹೇಗೆ? ಆದಿಲ್ ಶಾಹೀ ಶಿಲ್ಪಿಗಳ ಪ್ರತಿಭೆಯು ಅಲ್ಲಿಯೇ ಇದೆ. ಚೌಕದ ಗೋಡೆಗಳಿಂದ ಎದ್ದ ಎಂಟು ಕಮಾನುಗಳನ್ನು ಒಂದನ್ನೊಂದು ಹಾಯ್ದು ಹೋಗುವಂತೆ ಹೆಣೆದು, ಮೇಲೇರುತ್ತ ಏರುತ್ತ ಅವು ಒಳಮುಖವಾಗಿ ಚಾಚಿ ಚೌಕವನ್ನು ವೃತ್ತವನ್ನಾಗಿ ಕಿರಿದುಗೊಳಿಸುವಂತೆ ಅವರು ಮಾಡಿದರು. ಆ ಕಿರಿದಾದ ವೃತ್ತದ ಮೇಲೆ ಗೋಲಾರ್ಧವು ಕುಳಿತಿದೆ, ಒಳಕ್ಕೆ ಚಾಚಿದ ಕಮಾನುಗಳ ಭಾರವು ಗುಮ್ಮಟದ ಹೊರನೂಕನ್ನು ಎದುರಿಸಿ ನಿಂತಿದೆ. ‘ಎರಡನೆಯ ಅತಿ ದೊಡ್ಡದು’ ಎಂಬ ಬೀಸುಮಾತು ಈ ಕೌಶಲವನ್ನೇ ಮರೆಮಾಡುತ್ತದೆ. ‘ವ್ಯಾಸದಲ್ಲಿ ಪಂಥಿಯಾನಿಗಿಂತ ಕಿರಿದು, ನೆಲದ ಹರವಿನಲ್ಲಿ ಪಂಥಿಯಾನಿಗಿಂತ ಹಿರಿದು’ ಎಂಬ ಮಾತು ಅದನ್ನು ಕಣ್ಣಿಗೆ ಕಟ್ಟಿಕೊಡುತ್ತದೆ. ಅದೇ ಊರಿನ ಮಲಿಕ್-ಎ-ಮೈದಾನ್ ತೋಪಿಗೂ ಈ ವಿವೇಕವು ಸಲ್ಲುತ್ತದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ತೋಪು ತೂಕದಲ್ಲಿ ಅಗಾಧವಾದುದು, ಉದ್ದದಲ್ಲಿ ಮಾತ್ರ ತಂಜಾವೂರಿನ ತೋಪಿಗಿಂತ ಬಹಳ ಗಿಡ್ಡ.

ಅತಿಶಯವು ಯಾವ ಗುಂಪಿನೊಳಗಿನ ಅತಿಶಯವೆಂದು ಹೇಳುವುದನ್ನು ನಮ್ಮ ವೈಯಾಕರಣರು ‘ನಿರ್ಧಾರಣ’ವೆಂದು ಕರೆದರು. ಗುಂಪಿನಿಂದ ಒಂದನ್ನು ಬೇರ್ಪಡಿಸಿ ಎತ್ತುವಾಗ ಆ ಗುಂಪಿನ ಹೆಸರಿಗೆ ಷಷ್ಠಿಯೋ ಸಪ್ತಮಿಯೋ ಬರತಕ್ಕದ್ದೆಂದು ಪಾಣಿನಿಯ ವಿಧಿ. ಕನ್ನಡದಲ್ಲಿ ಸಪ್ತಮಿಯೇ ರೂಢಿ: ಹಣ್ಣುಗಳಲ್ಲಿ, ಊರುಗಳಲ್ಲಿ, ಭೀಮಾತೀರದಲ್ಲಾದರೆ ‘ಎಲ್ಲಾದರೊಳಗ’, ‘ಮಂದ್ಯಾಗ’. ಫ್ರೆಂಚರದು ಷಷ್ಠಿಯ ಮಾರ್ಗ. ‘ದ’ ಎಂಬ ಸಂಬಂಧಕವನ್ನಿಟ್ಟು ‘ಲ ಪ್ಲ್ಯು ಗ್ರಾಂ ದ್ಯು ಮೋಂದ್’, ಅಂದರೆ ಜಗತ್ತಿನ ಅತಿ ದೊಡ್ಡದು, ಎನ್ನುತ್ತಾರೆ. ಇಂಗ್ಲಿಷಿನ ಅಭ್ಯಾಸದಿಂದ ಇಲ್ಲಿ ‘ದಾಂ’ ಎಂಬ ಸಪ್ತಮ್ಯರ್ಥಕವನ್ನು ಹಾಕುವುದು ವಿದ್ಯಾರ್ಥಿಗಳ ಸಾಮಾನ್ಯ ದೋಷ. ಗುಣವಾಚಕವು ನಾಮಪದದ ಹಿಂದೆ ಬರುವಾಗ ನಿರ್ದೇಶಕವು ಎರಡು ಸಲ ಬರಬೇಕೆಂಬ ಇನ್ನೊಂದು ಕಟ್ಟಳೆಯನ್ನೂ ಮರೆಯಬಾರದು: ‘ಲ ಪ್ಲ್ಯು ಬೋ ಲೀವ್ರ್’ ಎಂದರೆ ಅತ್ಯಂತ ಸುಂದರವಾದ ಪುಸ್ತಕ, ಆದರೆ ಅತ್ಯಂತ ಕಠಿಣವಾದ ಪುಸ್ತಕವು ‘ಲ ಲೀವ್ರ್ ಲ ಪ್ಲ್ಯು ದಿಫಿಸೀಲ್’.

ಈಗಿನ ಬರವಣಿಗೆಯಲ್ಲಿ, ವಿಶೇಷವಾಗಿ ಜಾಹೀರಾತುಗಳಲ್ಲಿ, ಈ ನಿರ್ಧಾರಣವು ಮಾಯವಾಗುತ್ತಿರುವುದು ನನಗೆ ಕಳವಳವನ್ನುಂಟುಮಾಡಿದೆ. ‘ಅತ್ಯುತ್ತಮ ಗುಣಮಟ್ಟ’, ‘ಹೆಚ್ಚು ರುಚಿಕರ’, ‘ಅತ್ಯಾಧುನಿಕ’ ಎಂಬ ಮಾತುಗಳಲ್ಲಿ ಯಾವುದಕ್ಕಿಂತ, ಯಾವುದರೊಳಗೆ ಎಂಬ ಪ್ರಶ್ನೆಗೆ ಸ್ಥಳವೇ ಇಲ್ಲ. ಬೇರೆ ನುಡಿಗಳ ವಾಕ್ಯಗಳನ್ನು ಶಬ್ದಶಃ ಇಳಿಸಿಕೊಂಡುದರ ಫಲವಿದು. ಗುಣವಾಚಕದಲ್ಲೇ ಹೋಲಿಕೆ ಅಡಗಿರುವ ಭಾಷೆಯಲ್ಲಿ ಎರಡನೆಯ ವಸ್ತುವನ್ನು ನುಂಗಿಬಿಡುವುದು ಸುಲಭ. ಕನ್ನಡದ ಜಾಯಮಾನ ಹಾಗಲ್ಲ. ಇಂಡಿಯ ಲಿಂಬೆಯನ್ನು ಕೊಳ್ಳಬಂದವನಿಗೆ ‘ಇದು ಹೆಚ್ಚಿಗಿ ಚಲೋ’ ಎಂದಷ್ಟೇ ಹೇಳಿದರೆ ಅವನು ‘ಯಾತಕಿಂತ ರೀ?’ ಎಂದು ಕೇಳದೆ ಬಿಡುವನೇ? ಹುಳಿ ಅದಕಿಂತ ಹೆಚ್ಚು, ರಸ ಅದಕಿಂತ ಹೆಚ್ಚು ಎಂದು ಪಕ್ಕದ ರಾಶಿಯನ್ನು ತೋರಿಸಿದಾಗಲೇ ವ್ಯಾಪಾರ ಮುಂದುವರಿಯುವುದು.

ಫ್ರೆಂಚರೂ ಈ ವಿಷಯದಲ್ಲಿ ತಮ್ಮ ವ್ಯಾಕರಣದೊಳಗೇ ಒಂದು ಸೂಕ್ಷ್ಮವಾದ ಕಾವಲನ್ನಿಟ್ಟಿದ್ದಾರೆ. ‘ನಾನು ನೋಡಿದ ಕಟ್ಟಡಗಳಲ್ಲೆಲ್ಲ ಅತ್ಯಂತ ಸುಂದರವಾದುದು’ ಎನ್ನುವಾಗ, ಅತಿಶಯದ ಹಿಂದೆ ಬರುವ ಉಪವಾಕ್ಯದ ಕ್ರಿಯಾಪದವು ನಿಶ್ಚಯಾರ್ಥವನ್ನು ಬಿಟ್ಟು ಸಂಭಾವನಾರ್ಥದ ರೂಪವನ್ನು ತಾಳುತ್ತದೆ. ಕಿವಿಗೆ ಭೇದವು ಬಹಳವಿಲ್ಲ, ಬರೆಹದಲ್ಲಿ ಮಾತ್ರ ಒಂದಕ್ಷರ ಹೆಚ್ಚು. ಆದರೆ ಆ ರೂಪವು, ಇದು ಹೇಳುವವನ ಅಭಿಪ್ರಾಯ, ಅವನ ಅನುಭವದ ಎಲ್ಲೆಯೊಳಗಿನ ಮಾತು ಎಂಬುದನ್ನು ಸೂಚಿಸುತ್ತದೆ. ಅಭಿಪ್ರಾಯವಲ್ಲದೆ ನಿರ್ವಿವಾದವಾದ ಸಂಗತಿಯನ್ನು ಹೇಳುವಾಗ ನಿಶ್ಚಯಾರ್ಥವೇ ನಿಲ್ಲಬಹುದು. ನಮ್ಮ ಆಡುನುಡಿಯಲ್ಲಿ ಇದೇ ಕಾವಲನ್ನು ‘ನಾ ಕಂಡಷ್ಟರೊಳಗ’ ಎಂಬ ಮಾತು ಕಾಯುತ್ತದೆ; ವಿನಯವನ್ನು ಕ್ರಿಯಾಪದದಲ್ಲಿ ಅಡಗಿಸಿಡದೆ ವಾಕ್ಯದ ಹೊಸ್ತಿಲಲ್ಲೇ ಹೇಳಿಬಿಡುವುದು ನಮ್ಮ ರೀತಿ.

ಕೊನೆಯದಾಗಿ ವಿದ್ಯಾರ್ಥಿಗಳನ್ನು ಬೆರಗುಗೊಳಿಸುವ ಒಂದು ಪ್ರಯೋಗ. ಗೋಲಗುಮ್ಮಟವನ್ನು ಮೊದಲ ಸಲ ಕಂಡ ಫ್ರೆಂಚನು ‘ಪ್ಲ್ಯು ಗ್ರಾಂ ಕ ಜ ನ ಪಾಂಸೇ’ ಎಂದಾನು. ನಾನು ಎಣಿಸಿದ್ದಕ್ಕಿಂತ ದೊಡ್ಡದು ಎಂದು ಅದರ ಭಾವ. ಇದರಲ್ಲಿರುವ ‘ನ’ ಎಂಬುದು ಬೇರೆಡೆಯಲ್ಲಿ ನಿಷೇಧವಾಚಕ. ಇಲ್ಲಿ ನಿಷೇಧಿಸುವುದು ಏನನ್ನು? ವಾಕ್ಯದಲ್ಲಿ ಏನನ್ನೂ ಅಲ್ಲ. ‘ಇಷ್ಟು ದೊಡ್ಡದೆಂದು ನಾನು ಎಣಿಸಿರಲಿಲ್ಲ’ ಎಂಬ ಆಡದ ಮಾತೊಂದು ಮನಸ್ಸಿನಲ್ಲಿ ಹಾದುಹೋದುದರ ಗುರುತಾಗಿ ಅದು ಅಲ್ಲಿ ಉಳಿದಿದೆ. ಅದಿಲ್ಲದೆಯೂ ವಾಕ್ಯವು ಸಾಧುವೇ, ಆದರೆ ಶಿಷ್ಟ ಬರವಣಿಗೆಯಲ್ಲಿ ಅದನ್ನು ಇಡುವುದುಂಟು. ಇಂಡಿಯ ಕಡೆಯ ಹುಡುಗನು ಅದೇ ಕಟ್ಟಡದ ಮುಂದೆ ನಿಂತು ‘ಯಪ್ಪಾ, ನಾ ಅನಕೊಂಡಿದ್ದಕಿಂತ ದೊಡ್ಡದದ’ ಎನ್ನುವಾಗ ಆ ನಿಷೇಧದ ನೆರವು ಅವನಿಗೆ ಬೇಕಾಗುವುದಿಲ್ಲ. ತಾನು ಎಣಿಸಿಕೊಂಡಿದ್ದ ಸಣ್ಣ ಗುಮ್ಮಟವನ್ನು ಅವನು ‘ಕಿಂತ’ದಲ್ಲಿಯೇ ಹಿಡಿದು, ಎದುರಿಗಿರುವ ಗುಮ್ಮಟದ ಪಕ್ಕದಲ್ಲಿ ಇರಿಸಿರುತ್ತಾನೆ.